ಊರಿಗೆ ಹೋಗುವವರೆಗೆ ಕಾಯಬೇಡಿ, ಮೊದಲು ಜಿಪಿ (ಏರಿಯಾದ ಡಾಕ್ಟರು) ಹತ್ತಿರ ಹೆಸರು ಬರೆಸಿ

ಇಂಗ್ಲೆಂಡಿನಲ್ಲಿ ಓದುತ್ತಿರುವ ನೀವು ನಿದ್ರೆ ಇಲ್ಲ, ಕ್ಲಾಸಿಗೆ ಹೋಗಲು ಮನಸ್ಸಿಲ್ಲ ಅಂದಿದ್ದೀರಿ. ಆನ್‌ಲೈನ್‌ನಲ್ಲಿ ಕನ್ನಡ ಬರುವ ಕೌನ್ಸೆಲರ್ ಹುಡುಕಲೋ, ಬೇಸಿಗೆಯಲ್ಲಿ ಗೋಣಿಕೊಪ್ಪಲಿಗೆ ಹೋದಾಗ ತೋರಿಸಲೋ, ಇಂಗ್ಲೆಂಡಿನಲ್ಲೇ ತೋರಿಸಿದರೆ ವೀಸಾಗೆ ತೊಂದರೆಯೋ ಅಂತ ಕೇಳಿದ್ದೀರಿ. ನಾನು ಸೋಮವಾರಪೇಟೆ ಕಡೆಯವಳು. 2021ರ ಸೆಪ್ಟೆಂಬರ್‌ನಲ್ಲಿ ಎಂಎಸ್‌ಸಿ ಓದಲು ಇಂಗ್ಲೆಂಡಿಗೆ ಹೋಗಿದ್ದೆ. ಇದೇ ಪ್ರಶ್ನೆಗಳು ನನಗೂ ಇದ್ದವು. ಯಾರನ್ನೂ ಕೇಳಲಿಲ್ಲ.

ಮಳೆ, ಮೋಡ ನಮಗೇನು ಹೊಸದಾ ಅಂದುಕೊಂಡಿದ್ದೆ. ಆದರೆ ನಮ್ಮಲ್ಲಿ ಎಂಥ ಮಳೆಗಾಲದಲ್ಲೂ ಸಂಜೆ ಆರೂವರೆವರೆಗೆ ಬೆಳಕಿರುತ್ತದೆ, ಒಲೆ ಮುಂದೆ ನಾಲ್ಕು ಜನ ಇರುತ್ತಾರೆ. ಅಲ್ಲಿ ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಕತ್ತಲೆ, ರೂಮಿನಲ್ಲಿ ನಾನೊಬ್ಬಳೇ. ಜನವರಿ ಹೊತ್ತಿಗೆ ಮಧ್ಯಾಹ್ನ ಒಂದಕ್ಕೆ ಏಳುತ್ತಿದ್ದೆ. ಊರಲ್ಲಿ ಆಗ ಸಂಜೆ ಆರೂವರೆ. ಅಮ್ಮ ವಿಡಿಯೋ ಕಾಲ್ ಮಾಡಿದರೆ ಹಿಂದೆ ಅಪ್ಪ ಕಣದಲ್ಲಿ ಹರವಿದ್ದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಎಳೆಯುತ್ತಿರುವುದು ಕಾಣುತ್ತಿತ್ತು. "ಯಾಕೆ ಮಗಾ, ಮುಖ ಬಾಡಿದೆ?" ಅನ್ನುತ್ತಿದ್ದರು ಅಮ್ಮ. "ಚಳಿ ಅಮ್ಮ, ಅಷ್ಟೇ." ಆ ತೋಟದ ಮೇಲೆ ಸಾಲ ಮಾಡಿಯೇ ನನ್ನನ್ನು ಕಳಿಸಿದ್ದರು. ಬೇರೇನು ಹೇಳಲಿ?

ಈಗ ನನ್ನ ತಪ್ಪು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ. ನಾನು ಜಿಪಿ ಹತ್ತಿರ ಹೆಸರು ಬರೆಸಿರಲಿಲ್ಲ. ಜಿಪಿ ಅಂದರೆ ನೀವಿರುವ ಏರಿಯಾದ ಡಾಕ್ಟರು. ಅವರ ಕ್ಲಿನಿಕ್‌ಗೆ ಅಲ್ಲಿ ಸರ್ಜರಿ ಅಂತಾರೆ. ಮೊದಲ ವಾರವೇ ಫಾರಂ ಕೈಗೆ ಬಂದಿತ್ತು. ನನಗೇನು ಕಾಯಿಲೆ, ಆಮೇಲೆ ಫೀಸ್ ಕೇಳಿದರೆ ಕಷ್ಟ ಅಂತ ಸುಮ್ನೆ ಡ್ರಾಯರ್‌ನಲ್ಲಿ ಇಟ್ಟೆ. ಫೀಸ್ ಇರಲೇ ಇಲ್ಲ! ವೀಸಾ ಅರ್ಜಿಯ ಜೊತೆಗೇ ಆರೋಗ್ಯದ ಲೆಕ್ಕದಲ್ಲಿ ವರ್ಷಕ್ಕೆ 470 ಪೌಂಡ್ ಕಟ್ಟಿದ್ದೆವು. 2024ರಿಂದ ಅದು 776 ಆಗಿದೆ. ನಿಮ್ಮ ಮನೆಯವರೂ ಆ ದುಡ್ಡು ಕಟ್ಟಿಯಾಗಿದೆ, ಅಲ್ವಾ?

ಫೆಬ್ರವರಿಯಲ್ಲಿ ಎರಡು ಅಸೈನ್‌ಮೆಂಟ್ ಕೊಡಲು ಆಗಲಿಲ್ಲ. ಹುಷಾರಿರಲಿಲ್ಲ ಅಂತ ಬರೆದರೆ ಡಾಕ್ಟರ ಪತ್ರ ತನ್ನಿ ಅಂದರು. ಯಾವ ಡಾಕ್ಟರು? ಮೂರು ತಿಂಗಳು ಒದ್ದಾಡಿದ್ದಕ್ಕೆ ಎಲ್ಲೂ ಒಂದು ಸಾಲಿನ ದಾಖಲೆ ಇರಲಿಲ್ಲ. ಆಗ ಓಡಿದೆ. ಡ್ರಾಯರ್ ಎಳೆದರೆ ಫಾರಂ ಹಾಗೇ ಇತ್ತು, ಹೆಸರಿನ ಜಾಗದಲ್ಲಿ ಇನಿಷಿಯಲ್ ಮಾತ್ರ ಬರೆದು ಬಿಟ್ಟಿದ್ದೆ. ಡಾಕ್ಟರು ಸಮಾಧಾನವಾಗಿ ಕೇಳಿಸಿಕೊಂಡರು. ಆದರೆ ಇವತ್ತು ನೋಡಿದ್ದನ್ನು ಬರೆಯಬಹುದು, ನವೆಂಬರ್‌ನಲ್ಲಿ ನೀವು ಹೇಗಿದ್ದಿರಿ ಅಂತ ನಾನು ಹೇಗೆ ಬರೆಯಲಿ ಅಂದರು. ಎರಡರಲ್ಲೂ ಫೇಲ್. ಮತ್ತೆ ಬರೆದು ಕೊಟ್ಟಾಗ ಎಷ್ಟೇ ಚೆನ್ನಾಗಿದ್ದರೂ 50ಕ್ಕಿಂತ ಜಾಸ್ತಿ ಅಂಕ ಕೊಡುವಂತಿರಲಿಲ್ಲ. ಆ 50 ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಈಗಲೂ ಇದೆ.

ಆದ್ದರಿಂದ ಕನ್ನಡದ ಕೌನ್ಸೆಲರ್ ಬೇಕಾ ಅನ್ನುವುದು ಮೊದಲ ಪ್ರಶ್ನೆಯೇ ಅಲ್ಲ. ಬೆಂಗಳೂರಿನಲ್ಲಿ ಕೂತವರು ನಿಮಗೆ ಅಲ್ಲಿ ಔಷಧಿ ಕೊಡಿಸಲಾರರು. ಇಂಗ್ಲಿಷಿನಲ್ಲಿ ಅಳು ಬರುತ್ತಾ ಅಂತ ನನಗೂ ಅನುಮಾನವಿತ್ತು. ಯೂನಿವರ್ಸಿಟಿ ಕೌನ್ಸೆಲರ್ ಮುಂದೆ ಎದೆ ಮೇಲೆ ಕೈಯಿಟ್ಟು "ಸಂಕಟ" ಅಂದೆ, ಇಂಗ್ಲಿಷ್ ಪದ ಹೊಳೆಯಲಿಲ್ಲ. ಅವರು ಆ ಪದವನ್ನು ಇನ್ನೊಮ್ಮೆ ಹೇಳಿಸಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ವಾರ ಅದೇ ಪದದಿಂದ ಮಾತು ಶುರು ಮಾಡಿದರು. ಭಾಷೆ ಅಡ್ಡ ಬಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಭಾಷಿ ಬೇಕು ಅಂತ ಕೇಳಬಹುದು, ದುಡ್ಡಿಲ್ಲ. ಟಾಕಿಂಗ್ ಥೆರಪೀಸ್ ಅನ್ನುವ, ಮಾತಿನ ಮೂಲಕ ಚಿಕಿತ್ಸೆ ಕೊಡುವ ಸೇವೆಗೆ ಡಾಕ್ಟರ ಚೀಟಿಯೂ ಬೇಡ, ನೀವೇ ಅರ್ಜಿ ಹಾಕಬಹುದು. ಕಾಯಬೇಕಾಗುತ್ತದೆ, ಅದಕ್ಕೇ ಇವತ್ತೇ ಹಾಕಿ.

ವೀಸಾ ಭಯ ಬಿಡಿ. ಜೀವಕ್ಕೆ ಅಪಾಯ ಅನಿಸಿದರೆ ಬಿಟ್ಟು, ಕೌನ್ಸೆಲರ್ ನಿಮ್ಮ ಮಾತನ್ನು ನಿಮ್ಮನ್ನು ಕೇಳದೆ ಹೊರಗೆ ಹೇಳುವುದಿಲ್ಲ. ವೀಸಾಗೆ ತೊಂದರೆ ಆಗುವುದು ಕ್ಲಾಸ್ ತಪ್ಪಿಸುತ್ತಾ ಹೋದರೆ. ಬರುವುದನ್ನೇ ಬಿಟ್ಟ ವಿದ್ಯಾರ್ಥಿಯ ಬಗ್ಗೆ ಯೂನಿವರ್ಸಿಟಿ ಸರ್ಕಾರಕ್ಕೆ ತಿಳಿಸಲೇಬೇಕು. ನೀವು ಈಗ ಮಾಡುತ್ತಿರುವುದು ಆ ಕ್ಲಾಸ್ ತಪ್ಪಿಸುವುದನ್ನೇ.

ಅಮ್ಮನಿಗೂ ಹೇಳಿ. ನಾನು ಹೇಳಿದ ದಿನ ಅಮ್ಮ ಬೈಯಲಿಲ್ಲ, ಆದರೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಈಗ ಭಾರತದಲ್ಲಿ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ. ಆ ನಂಬರ್ ಊರಲ್ಲಿರುವ ಅಮ್ಮನಿಗೆ ಕೊಡಿ.

ರಾತ್ರಿ ಹೊತ್ತು ಬದುಕೇ ಬೇಡ ಅನಿಸಿದರೆ ಅಲ್ಲಿನ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಮಾಡಿ 2 ಒತ್ತಿ, ಇಲ್ಲವೇ ಸಮರಿಟನ್ಸ್ ಸಹಾಯವಾಣಿ 116 123ಕ್ಕೆ ಮಾಡಿ. ಏನಾದರೂ ಮಾಡಿಕೊಳ್ಳುವ ಹಂತದಲ್ಲಿದ್ದರೆ ತುರ್ತು ನಂಬರ್ 999. ಅಂಥದ್ದಿಲ್ಲ ಅಂದರೆ ನಾಳೆ ಸರ್ಜರಿಗೆ ಹೋಗಿ ಹೆಸರು ಬರೆಸಿ. ಹೆಸರು ಸೇರಿದ ಮೇಲೆ ಅಪಾಯಿಂಟ್‌ಮೆಂಟ್‌ಗೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಿ. ಒಂಬತ್ತಕ್ಕೆ ಮಾಡಿದರೆ ಆ ದಿನದ್ದು ಮುಗಿದಿರಬಹುದು. "ಎರಡು ತಿಂಗಳಿಂದ ನಿದ್ರೆ ಇಲ್ಲ" ಅಂದರೆ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ.