ಟಿಕೆಟ್ ಇದ್ದರೂ ಮಗುವಿನ ಬೆರಳೇಕೆ?

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಫ್ಲಾರಿಡಾದಲ್ಲಿದ್ದಾನೆ. ಬೇಸಿಗೆ ರಜೆಯಲ್ಲಿ 4 ಮತ್ತು 9 ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗಲಿದ್ದೇವೆ. ಡಿಸ್ನಿ ವರ್ಲ್ಡ್‌ಗೆ ನಾಲ್ಕು ದಿನದ ಟಿಕೆಟ್ ಕೊಂಡಾಗಿದೆ. ಬಾಗಿಲಲ್ಲಿ ಮಕ್ಕಳ ಬೆರಳನ್ನೂ ಯಂತ್ರದ ಮೇಲೆ ಇಡಿಸುತ್ತಾರಂತೆ. ಹಣ ಕೊಟ್ಟ ಮೇಲೂ ಬೆರಳೇಕೆ? ಅದು ಆಧಾರ್‌ನಂತೆ ಉಳಿದುಬಿಡುತ್ತದೆಯೇ? ಬೇಡವೆನ್ನಲು ಬರುತ್ತದೆಯೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಾಲ್ಕು ದಿನದ ಟಿಕೆಟನ್ನು ಒಟ್ಟಿಗೆ ಕೊಂಡರೆ ದಿನದ ಲೆಕ್ಕದಲ್ಲಿ ಅಗ್ಗ. ಎರಡು ದಿನ ಸುತ್ತಾಡಿ, ಉಳಿದೆರಡು ದಿನದ ಟಿಕೆಟನ್ನು ಬೇರೆಯವರಿಗೆ ಮಾರಿಬಿಡುವವರು ಹುಟ್ಟಿಕೊಂಡದ್ದರಿಂದ, ಮೊದಲ ದಿನ ಬಂದವರೇ ಮರುದಿನವೂ ಬಂದಿದ್ದಾರೆಯೇ ಎಂದು ನೋಡಲು ಆ ಸಂಸ್ಥೆ 1990ರ ದಶಕದಲ್ಲೇ ಕೈಯ ಆಕಾರ ಅಳೆಯುವ ಯಂತ್ರಗಳನ್ನು ತಂದಿತು. ಬೆರಳ ತುದಿಯನ್ನು ಓದುವ ಯಂತ್ರಗಳು ಅದಾದ ಸುಮಾರು ಹತ್ತು ವರ್ಷಗಳಿಗೆ ಬಂದವು. 3 ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಟಿಕೆಟೇ ಬೇಡ. ನಿಮ್ಮ ಮಕ್ಕಳಿಬ್ಬರಿಗೂ ಬೇಕು.

ಬೆರಳಿನ ಚಿತ್ರದಿಂದ ಒಂದು ಸಂಖ್ಯೆಯನ್ನು ತಯಾರಿಸಿ, ಚಿತ್ರವನ್ನು ಕೂಡಲೇ ಅಳಿಸಿ, ಸಂಖ್ಯೆಯನ್ನಷ್ಟೇ ಟಿಕೆಟ್‌ಗೆ ಜೋಡಿಸುತ್ತೇವೆ ಎಂಬುದು ಸಂಸ್ಥೆಯ ಹೇಳಿಕೆ. ಇದನ್ನು ಸಾಲಿನಲ್ಲಿ ನಿಂತ ನಾವು ಪರೀಕ್ಷಿಸಿ ನೋಡುವಂತಿಲ್ಲ, ನಂಬಬೇಕಷ್ಟೆ. ಆಧಾರ್‌ನದು ಬೇರೆಯೇ ಲೆಕ್ಕ: ಹತ್ತು ಬೆರಳು, ಎರಡು ಕಣ್ಣು, ದೇಶದ ಅಷ್ಟೂ ಜನರ ನಡುವೆ ಇವರು ಯಾರೆಂದು ಹೇಳಬಲ್ಲ ಭಂಡಾರ. ಹಾಗಿದ್ದೂ ಆಧಾರ್‌ನಲ್ಲಿ 5 ವರ್ಷದೊಳಗಿನ ಮಕ್ಕಳ ಬೆರಳಚ್ಚು ಪಡೆಯುವುದಿಲ್ಲ. 5 ತುಂಬಿದ ಮೇಲೆ ಪಡೆದು, 15ಕ್ಕೆ ಮತ್ತೊಮ್ಮೆ ಪಡೆಯುತ್ತಾರೆ. ಬೆರಳಿನ ಗೆರೆಗಳ ವಿನ್ಯಾಸವು ತಾಯಿಯ ಗರ್ಭದಲ್ಲೇ ಮೂಡಿ ಕೊನೆಯವರೆಗೂ ಉಳಿಯುತ್ತದೆಯಾದರೂ, ಎಳೆಯ ಮಕ್ಕಳಲ್ಲಿ ಆ ಗೆರೆಗಳು ತೀರ ನವುರಾಗಿ, ಒತ್ತೊತ್ತಾಗಿ ಇರುವುದರಿಂದ ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ. ಯಂತ್ರ ಎಡವುವುದನ್ನು ನೋಡಲು ಫ್ಲಾರಿಡಾದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಬೆರಳು ಸವೆದ ಅಜ್ಜಿಯೊಬ್ಬರು ನ್ಯಾಯಬೆಲೆ ಅಂಗಡಿಯಲ್ಲಿ ಸೆರಗಿಗೆ ಬೆರಳೊರೆಸಿ, ಒತ್ತಿ, ಮತ್ತೆ ಒರೆಸಿ, ನಾಲ್ಕನೆಯ ಬಾರಿಗೂ ಹೊಂದಾಣಿಕೆಯಾಗದೆ ಖಾಲಿ ಚೀಲ ಹಿಡಿದು ಬದಿಗೆ ಸರಿದು ನಿಂತದ್ದನ್ನು ನಾನೇ ನೋಡಿದ್ದೇನೆ.

ಬೇಡವೆನ್ನಲು ಖಂಡಿತ ಬರುತ್ತದೆ. ದೊಡ್ಡವರು ಬೆರಳಿನ ಬದಲು ಭಾವಚಿತ್ರವಿರುವ ಗುರುತಿನ ದಾಖಲೆ ತೋರಿಸಬಹುದು. ಮಗುವಿನ ಟಿಕೆಟ್‌ಗೆ ತಂದೆ ಅಥವಾ ತಾಯಿ ತಮ್ಮ ಬೆರಳನ್ನೇ ಇಡಬಹುದು. ನಾನಾಗಿದ್ದರೆ ಎರಡನೆಯದನ್ನೇ ಆರಿಸಿಕೊಳ್ಳುತ್ತಿದ್ದೆ. ಆದರೆ ಮೊದಲ ದಿನ ಯಾರು, ಯಾವ ಕೈಯ ಯಾವ ಬೆರಳನ್ನು ಇಟ್ಟರೋ ನಾಲ್ಕೂ ದಿನ ಅವರೇ, ಅದೇ ಬೆರಳನ್ನೇ ಇಡಬೇಕಾಗುತ್ತದೆ. ಮರೆತರೆ ಬಿಸಿಲಿನಲ್ಲಿ ಮಕ್ಕಳೊಂದಿಗೆ ಕಾಯುವ ಪಾಡು ನಿಮ್ಮದೇ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಇದೇ ಕೆಲಸಕ್ಕೆ ಬಹುಕಾಲ ಫೋಟೊ ತೆಗೆಯುತ್ತ ಬಂದಿದ್ದಾರೆ. ಹಾಗಾಗಿ ಬೆರಳಿಲ್ಲದೆ ಬಾಗಿಲು ನಡೆಯುವುದೇ ಇಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮ ರಾಜ್ಯದಲ್ಲೇ ಶಾಲಾ ಪ್ರವಾಸಕ್ಕೆ ಹೋದಾಗ ಮನರಂಜನಾ ಉದ್ಯಾನದವರು ಮಕ್ಕಳ ಬೆರಳಚ್ಚು ಕೇಳಿದರೆ, ಜೊತೆಗಿರುವ ಶಿಕ್ಷಕರು ಒಪ್ಪಿಗೆ ಕೊಡಬಹುದೇ?
– ಪೋಷಕರೊಬ್ಬರು, ಚಿತ್ರದುರ್ಗ

ಉತ್ತರ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ದತ್ತಾಂಶ ಪಡೆಯಲು ಪೋಷಕರ, ಅದೂ ಪರಿಶೀಲಿಸಬಹುದಾದ, ಒಪ್ಪಿಗೆ ಬೇಕು. ಅದರ ನಿಯಮಗಳು ನವೆಂಬರ್ 2025ರಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳನ್ನು ಜಾರಿಗೊಳಿಸಲು 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಪ್ರವಾಸಕ್ಕೆ ನೀವು ಕೊಟ್ಟ ಒಪ್ಪಿಗೆಯನ್ನು ಬೆರಳಚ್ಚಿಗೂ ಎಳೆದು ಹೊಂದಿಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಇಂಥದೇ ಪ್ರಸಂಗವೊಂದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. 14 ವರ್ಷದ ಹುಡುಗನೊಬ್ಬ 2014ರಲ್ಲಿ ಶಾಲಾ ಪ್ರವಾಸಕ್ಕೆಂದು ಸಿಕ್ಸ್ ಫ್ಲ್ಯಾಗ್ಸ್ ಉದ್ಯಾನಕ್ಕೆ ಹೋದಾಗ, ಸೀಸನ್ ಪಾಸ್‌ಗಾಗಿ ಅವನ ಹೆಬ್ಬೆರಳನ್ನು ಸ್ಕ್ಯಾನ್ ಮಾಡಿದ್ದರು. ತಾಯಿಗೆ ತಿಳಿದದ್ದು ಮಗ ಮನೆಗೆ ಬಂದ ಮೇಲೆ. ಯಾವ ಹಾನಿಯೂ ಆಗಿಲ್ಲವಲ್ಲ ಎಂದು ಉದ್ಯಾನದವರು ವಾದಿಸಿದರು. ಲಿಖಿತ ಒಪ್ಪಿಗೆಯಿಲ್ಲದೆ ಪಡೆದದ್ದೇ ಮೊಕದ್ದಮೆ ಹೂಡಲು ಸಾಕು, ಬೇರೆ ಹಾನಿಯನ್ನು ತೋರಿಸಬೇಕಿಲ್ಲ ಎಂದು ನ್ಯಾಯಾಲಯವು ಜನವರಿ 2019ರಲ್ಲಿ ಹೇಳಿತು. ಮುಂದೆ ಆ ಸಂಸ್ಥೆ 3.6 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದು ಆ ರಾಜ್ಯದ 2008ರ ಕಾಯ್ದೆಯ ಫಲವೇ ಹೊರತು ನಮಗಾಗಲಿ, ಫ್ಲಾರಿಡಾಕ್ಕಾಗಲಿ ಅನ್ವಯಿಸುವುದಿಲ್ಲ.

ಒಂದು ದಿನದ ಪ್ರವಾಸಕ್ಕೆ ಕೈಗೆ ಕಟ್ಟುವ ಕಾಗದದ ಪಟ್ಟಿಯೇ ಸಾಕು. ಶಾಲೆಯಿಂದ ಬರುವ ಒಪ್ಪಿಗೆ ಪತ್ರದ ಕೆಳಗೆ ‘ಮಗುವಿನ ಬೆರಳಚ್ಚು, ಮುಖದ ಸ್ಕ್ಯಾನ್‌ಗೆ ನನ್ನ ಒಪ್ಪಿಗೆ ಇಲ್ಲ’ ಎಂದು ನಿಮ್ಮ ಕೈಯಾರೆ ಬರೆದು ಸಹಿ ಮಾಡಿ, ಅದರದೊಂದು ಫೋಟೊ ತೆಗೆದಿಟ್ಟುಕೊಂಡು ಕಳುಹಿಸಿ.