ಕೂತರೆ ರೋಗವಲ್ಲ, ಮೊಟ್ಟೆ

ಪ್ರಶ್ನೆ: ಹಿತ್ತಲಲ್ಲಿ ಆರು ತಿಂಗಳ ಐದು ನಾಟಿ ಹ್ಯಾಟೆ ಕೋಳಿಗಳಿವೆ. ಈಚೆಗೆ ಹತ್ತಿರ ಹೋದರೆ ಓಡುವುದಿಲ್ಲ, ರೆಕ್ಕೆ ಅಗಲಿಸಿ ಕುಕ್ಕರಿಸುತ್ತವೆ. ರೋಗವೇ?
– ಓದುಗರು, ಚಳ್ಳಕೆರೆ

ಉತ್ತರ: ಸುಮ್ನೆ ಗಾಬರಿಯಾಗಬೇಡಿ. ಹುಂಜ ಹತ್ತಿರ ಬಂದಾಗ ಹ್ಯಾಟೆ ಕೂರುವ ರೀತಿ ಅದು. ನಿಮ್ಮನ್ನೇ ಹುಂಜ ಅಂದುಕೊಂಡಿವೆ! ಜುಟ್ಟು ನೋಡಿ, ಕೆಂಪೇರಿರುತ್ತೆ. ಮೊಟ್ಟೆ ಹತ್ತಿರವಿದೆ. ಚಿತ್ರದುರ್ಗದ ನಮ್ಮ ಮನೆಯ ಕರಿ ಹ್ಯಾಟೆ ಹೀಗೆ ಕೂತ ಎರಡು ವಾರಕ್ಕೆ ಸೌದೆ ರಾಶಿ ಹಿಂದೆ ಮೊಟ್ಟೆ ಇಟ್ಟಿತು. ನಮಗೆ ಗೊತ್ತಾಗುವಷ್ಟರಲ್ಲಿ ನಾಲ್ಕಾಗಿದ್ದವು, ಎರಡು ಒಡೆದಿದ್ದವು. ಹಾಗಾಗಿ ಈಗಲೇ ಕತ್ತಲು ಮೂಲೆಯಲ್ಲಿ ಒಣಹುಲ್ಲು ಹಾಸಿದ ಬುಟ್ಟಿ ಇಡಿ. ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲು ಕಪ್ಪೆಚಿಪ್ಪಿನ ಚೂರು ಬೇರೆ ತಟ್ಟೆಯಲ್ಲಿರಲಿ, ಬೇಕಾದಷ್ಟು ಅವೇ ತಿನ್ನುತ್ತವೆ. ಪುಕ್ಕ ಉಬ್ಬಿಸಿ, ಮೇವು ಬಿಟ್ಟು ತೂಕಡಿಸಿದರೆ ಮಾತ್ರ ಪಶುವೈದ್ಯರಿಗೆ ತೋರಿಸಿ.