ಕುರ್ಚಿ ಕೂರೋಕೋ, ನೋಡೋಕೋ?

ಮೈಸೂರಿನಲ್ಲಿ ಶಿಲ್ಪಕಲೆ ಓದುತ್ತಿದ್ದೀರಿ, ಕೋರ್ಸಿನ ಕೊನೆಯ ಕೆಲಸಕ್ಕೆ ಮರದ ಕುರ್ಚಿ ಮಾಡುತ್ತಿದ್ದೀರಿ. ಕೂರಲು ಹಿತವಾಗಿರಬೇಕಾ, ನೋಡಲು ಚೆನ್ನಾಗಿದ್ದರೆ ಸಾಕಾ ಅಂತ ಕೇಳಿದ್ದೀರಿ. ನಾನು ಇದೇ ಊರಲ್ಲಿ ಮರಗೆಲಸ ಮಾಡುತ್ತೇನೆ. ನನ್ನ ಪ್ರಕಾರ ಕೂರುವವರ ಭಾರದಿಂದಲೇ ಶುರು ಮಾಡಬೇಕು. ಒಳ್ಳೆಯ ಆಕಾರ ಅಲ್ಲೇ ಸಿಗುತ್ತದೆ.

ನಮ್ಮ ಅಂಗಡಿಗಳಲ್ಲಿ ಬೀಟೆ ಮರದ ಟೀಪಾಯಿ ನೋಡಿರುತ್ತೀರಿ. ಆನೆ ತಲೆ, ಸೊಂಡಿಲೇ ಕಾಲು. ಎಲ್ಲರ ಕಣ್ಣೂ ಮೇಲಿನ ಇನ್‌ಲೇ ಹಲಗೆಗೇ, ಅಂದರೆ ಬೇರೆ ಬಣ್ಣದ ಚೂರುಗಳನ್ನು ಕೂರಿಸಿ ಚಿತ್ರ ಮಾಡಿದ ಹಲಗೆಗೇ, ಹೋಗುತ್ತದೆ. ನೀವು ಸ್ವಲ್ಪ ಬಗ್ಗಿ ಸೊಂಡಿಲು ನೋಡಿ. ಮರದ ಎಳೆ ಸೊಂಡಿಲಿನ ಉದ್ದಕ್ಕೆ ಇಳಿದಿದ್ದರೆ ಭಾರ ತಡೆಯುತ್ತದೆ. ಡೊಂಕು ಜಾಸ್ತಿಯಾಗಿ ಎಳೆ ಅಡ್ಡಕ್ಕೆ ತುಂಡಾದರೆ ಅಲ್ಲೇ ಪಟ್ಟನೆ ಮುರಿಯುತ್ತದೆ. ಹಾಗಾಗಿ ಎಷ್ಟು ಬಾಗಿಸಬೇಕು ಅಂತ ಕೆತ್ತುವವರು ಮರವನ್ನೂ ಕೇಳಬೇಕು. ಚೆನ್ನಾಗಿ ಕೆತ್ತಿದ ಟೀಪಾಯಿಯ ಆನೆಗಳು ನಿಜವಾಗಿ ಹೊತ್ತು ನಿಂತ ಹಾಗೆ ಕಾಣುವುದು ಅದಕ್ಕೇ.

ಇನ್ನು ಹೊರಗಿನವರದ್ದು. ನೆದರ್‌ಲ್ಯಾಂಡ್ಸ್‌ನ ವಿನ್ಯಾಸಕಾರ ಗೆರಿಟ್ ರೀಟ್‌ಫೆಲ್ಟ್ 1918ರ ಸುಮಾರಿಗೆ ಮಾಡಿದ ಕುರ್ಚಿಯ ಫೋಟೊ ಹುಡುಕಿ. ಕೆಂಪು ಬೆನ್ನು, ನೀಲಿ ಸೀಟು. ಬಣ್ಣ ಬಂದದ್ದು ಆಮೇಲೆ, 1923ರ ಹೊತ್ತಿಗೆ. ಅದರ ಪಟ್ಟಿಗಳು ಒಂದನ್ನೊಂದು ತಾಗಿ, ದಾಟಿ, ಮುಂದಕ್ಕೆ ಚಾಚಿಕೊಂಡಿವೆ. ತಾಗುವ ಕಡೆ ಒಳಗೆ ಮರದ ಗೂಟವಿದೆ. ಮೆತ್ತಗಿಲ್ಲ, ನಿಜ. ಆದರೆ ಯಾವುದು ಯಾವುದನ್ನು ಹೊತ್ತಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ಜಪಾನಿನ ವಿನ್ಯಾಸಕಾರ ಶಿರೋ ಕುರಾಮಾತ 1988ರಲ್ಲಿ ಮಾಡಿದ ಕುರ್ಚಿ. ಗಾಜಿನಂಥ ಅಕ್ರಿಲಿಕ್ ಒಳಗೆ ಕೃತಕ ಗುಲಾಬಿಗಳು. ಕೂತವರು ಹೂಗಳ ಮೇಲೆ ತೇಲಿದಂತೆ ಕಾಣುತ್ತಾರೆ. ಯಾರೂ ಕೂರದಿದ್ದರೆ ಆ ಕುರ್ಚಿ ಅರ್ಧ ಮಾತ್ರ ಅನ್ನಿಸುತ್ತದೆ, ಅಲ್ವಾ?

ನೀವು ಕಂಪ್ಯೂಟರ್ ಚಿತ್ರ ನಂಬಿ ಸೀದಾ ತೇಗ ಕೊಯ್ಯಬೇಡಿ. ಪ್ಯಾಕಿಂಗ್ ಮರದಲ್ಲಿ ಪೂರ್ತಿ ಅಳತೆಯ ಮಾದರಿ ಹೊಡೆಯಿರಿ. ಸೀಟಿನ ಎತ್ತರ 16ರಿಂದ 18 ಇಂಚು ಇರಲಿ. ಗೆಳೆಯರನ್ನೂ ಮನೆಯ ಹಿರಿಯರನ್ನೂ ಕೂರಿಸಿ. ಅವರು ಏಳುವಾಗ ಕೈ ಎಲ್ಲಿಗೆ ಹೋಗುತ್ತದೆ, ಗಮನಿಸಿ. ಅಲ್ಲೊಂದು ಹಿಡಿ ಬೇಕು. ನಿಮ್ಮ ಶಿಲ್ಪದ ಮುಖ್ಯ ಬಾಗು ಆ ಜಾಗದಿಂದಲೇ ಹೊರಡಲಿ. ಮಾದರಿಯ ಫೋಟೊ ಹಾಕಿದರೆ ಕೂಡಿಸಿದ ಜಾಗಗಳು ಗಟ್ಟಿ ಇವೆಯಾ ನೋಡಿ ಹೇಳುತ್ತೇನೆ.